ಈ ದಡದಲ್ಲಿ ತಿನ್ನೋರು ಯಾರೂ ಇಲ್ಲ

ಅಣು ಕರೆಂಟಿನ ಬಗ್ಗೆ ಈ ದೇಶದ ಸರ್ಕಾರ ಒಂದು ದೊಡ್ಡ ಪುಸ್ತಕ ಮಾಡ್ತಲ್ಲ, ಅದನ್ನ ಬರೆದೋಳು ನಾನು. ನಗ್ಬೇಡ. ಅರ್ಧ ಸುಳ್ಳು, ಒಪ್ಕೋತೀನಿ. ನನಗೆ ಬರೆಯೋಕೆ ಎಲ್ಲಿ ಬರುತ್ತೆ? ನನ್ನ ಹೆಸರು ಬರೆದು ಮುಗಿಸೋದ್ರೊಳಗೆ ಎರಡು ಸಲ ಟೀ ಕುಡೀಬೇಕು. ಆದ್ರೆ ಆ ಪುಸ್ತಕದಲ್ಲಿ ನಮ್ಮ ದಡದ ಹೆಸರಿನ ಮುಂದೆ ಒಂದು ಅಂಕಿ ಇದೆ. ಅದು ನನ್ನ ಬಾಯಿಂದ ಹೋದದ್ದು. ಉಳಿದರ್ಧ ನಿಜ ಅದೇ.

ಕೂತ್ಕೋ ಹುಡುಗಿ. ಆ ಪೆಟ್ಟಿಗೆ ಮೇಲೆ ಕೂತ್ಕೋ, ಕುರ್ಚಿ ಒಂದೇ ಇರೋದು. ಇನ್ನೊಂದನ್ನ ನನ್ನ ಗಂಡ ಲಾಕಿ ಸತ್ತ ದಿನ ಸುಟ್ಟೆ. ನಮ್ಮ ಜನ ಸತ್ತೋರದ್ದು ಏನೂ ಇಟ್ಕೊಳ್ಳಲ್ಲ. ಅವನು ಅಣುವಿನಿಂದ ಸತ್ತ ಅಂದ್ಕೊಂಡ್ಯಾ? ಇಲ್ಲ. ಎಂಬತ್ಮೂರನೇ ವಯಸ್ಸಲ್ಲಿ ಏಣಿಯಿಂದ ಬಿದ್ದ. ಪಕ್ಕದ ಬೀದಿ ವಿಧವೆ ಮನೆ ಛಾವಣಿಗೆ ತಗಡು ಹೊಡೆಯೋಕೆ ಹೋಗಿದ್ದ. ಆ ಹೆಂಗಸಿನ ಹತ್ರ ನಾನು ಇವತ್ತಿಗೂ ಮಾತಾಡಲ್ಲ.

ಆಗ ನಾವಿದ್ದದ್ದು ಸ್ಕಾಟ್ಲೆಂಡಿನ ಬಡಗಣ ತುದೀಲಿ. ಅದರಾಚೆ ಕಡಲು. ಕಡಲಾಚೆ ದೇವರೂ ಇಲ್ಲ, ಚಳಿ ಅಂತ ಎದ್ದು ಹೋಗಿದಾನೆ. ಬೇಸಗೇಲಿ ಊರೂರು ತಿರುಗೋದು, ತಗಡಿನ ಪಾತ್ರೆ ಮಾರೋದು, ಹಳೇ ಬಟ್ಟೆ ಎತ್ತೋದು. ಚಳಿಗಾಲಕ್ಕೆ ದಡದ ಮೇಲೆ ಡೇರೆ. ಬಗ್ಗಿಸಿದ ಕೋಲು, ಮೇಲೆ ಟಾರ್ಪಾಲು, ನಡುವೆ ಒಂದು ಒಲೆ. ಊರೋರು ನಮ್ಮನ್ನ ಟಿಂಕ್ ಅಂತಿದ್ರು. ತಗಡಿನೋರು ಅಂತ ಅಷ್ಟೆ. ಆದ್ರೆ ಅವರ ಬಾಯಿಂದ ಬಂದಾಗ ಉಗುಳಿದ ಹಾಗೇ ಕೇಳ್ತಿತ್ತು.

ಚಳಿಗಾಲದ ಕೆಲಸ ಶಂಖದಹುಳ ಆಯೋದು. ಕಪ್ಪಗೆ, ದ್ರಾಕ್ಷಿಯಷ್ಟು ದಪ್ಪ. ಇಳಿತ ಆದಾಗ ಬಂಡೆಗೆ ಅಂಟ್ಕೊಂಡಿರ್ತವೆ. ಬೆನ್ನು ಬಗ್ಸಿದ್ರೆ ಮುಗೀತು, ಕಡಲು ಮತ್ತೆ ಏರೋವರೆಗೂ ಎತ್ತೋ ಹಾಗಿಲ್ಲ. ಮೊದಲು ಬೆರಳು ನೋಯುತ್ತೆ. ಆಮೇಲೆ ಉರಿಯುತ್ತೆ. ಆಮೇಲೆ ಬೆರಳೇ ಇಲ್ಲ. ಉಗುರಿನ ಬುಡ ಬಿರಿದು ರಕ್ತ ಬರುತ್ತೆ, ಅದರೊಳಗೆ ಉಪ್ಪು ನೀರು. ಒದ್ದೆ ಮೂಟೆ ಬೆನ್ನ ಮೇಲೆ ಹೊತ್ಕೊಂಡು ಕಡಿದಾದ ದಿಬ್ಬ ಹತ್ಬೇಕು. ಮೂಟೆಯ ನೀರು ಕುತ್ತಿಗೆಯಿಂದ ಇಳಿದು ಬೂಟಿಗೆ ಸೇರ್ತಿತ್ತು. ಸಂಜೆ ಬೂಟು ಬೋರಲು ಹಾಕಿದ್ರೆ ಮೀನು ಬೀಳ್ತಿತ್ತು ಅಂದ್ರೂ ನಡೆಯುತ್ತೆ.

ಮಾರಿದ್ದು ರೈಲಲ್ಲಿ ದೂರ ಹೋಗ್ತಿತ್ತು. ಅಲ್ಲಿ ಶ್ರೀಮಂತರು ಹಬ್ಬಕ್ಕೆ ಆರೇ ಆರು ತಿಂದು ಮೂತಿ ಒರೆಸ್ಕೊಳ್ತಾರಂತೆ. ಉಳಿದದ್ದು ನಮಗೆ. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ಸಂಜೆ ಕಡಲಪಾಚಿ ಸೇರಿಸಿ ಅದರದ್ದೇ ಸಾರು. ಗುಂಡುಸೂಜಿ ಚುಚ್ಚಿ ಎಳೆದು ತಿನ್ನೋದು. ನನ್ನ ಚಿಕ್ಕ ಮಗಳು ಕ್ರಿಸಿ ನಡೆಯೋಕೆ ಮುಂಚೆ ಗುಂಡುಸೂಜಿ ಹಿಡಿಯೋದು ಕಲಿತಳು.

ಐವತ್ತೈದನೇ ಇಸವೀಲಿ ಸರ್ಕಾರ ಬಂತು. ಅವರಿಗೆ ಅಣು ಕಾರ್ಖಾನೆ ಕಟ್ಬೇಕಿತ್ತು. ಬಾಂಬು ಮಾಡೋಕೆ ಕಲಿತಿದ್ರು, ಈಗ ಅದೇ ಬೆಂಕೀಲಿ ದೀಪ ಹಚ್ತೀವಿ ಅಂದ್ರು. ಅಷ್ಟು ಒಳ್ಳೇದಾಗಿದ್ರೆ ಲಂಡನ್ನಿನ ನಡುಮಧ್ಯ ಕಟ್ಕೊಳ್ಳಿ ಅಂತ ಯಾರೂ ಕೇಳ್ಲಿಲ್ಲ. ಜನ ಕಮ್ಮಿ ಇರೋ ಜಾಗ ಬೇಕು ಅಂತ ನಕ್ಷೆ ಹಿಡ್ಕೊಂಡು ಬಂದ್ರು. ಮನೆ ಎಣಿಸಿದ್ರು. ಹೊಗೆಗೂಡು ಎಣಿಸಿದ್ರು. ನಮ್ಮ ಹದಿನಾಲ್ಕು ಡೇರೆ ಮುಂದೇನೇ ನಡ್ಕೊಂಡು ಹೋದ್ರು. ಒಬ್ಬ ನಮ್ಮ ನಾಯಿ ತಲೆ ಸವರಿದ. ನಮ್ಮನ್ನ ಮಾತ್ರ ಎಣಿಸ್ಲಿಲ್ಲ.

ಊರಿಗೆ ಊರೇ ಕುಣೀತು. ಕೆಲಸ ಬಂತು, ಹೊಸ ಮನೆ ಬಂತು, ಸ್ನಾನದ ಮನೇಲಿ ಬಿಸಿನೀರು ಬಂತು. ಲಾಕಿಗೂ ಕೆಲಸ ಸಿಕ್ತು, ಸುಳ್ಳು ಹೇಳಬಾರ್ದು. ಕಾರ್ಖಾನೆಯ ಕೊಳಕು ನೀರು ಬಿಡೋಕೆ ಕಡಲೊಳಕ್ಕೆ ಒಂದು ಕೊಳವೆ ಹಾಕ್ಬೇಕಿತ್ತು. ಅದಕ್ಕೆ ಕಾಲುವೆ ತೋಡೋ ಕೆಲಸ. ಎದೆಮಟ್ಟ ನೀರು, ಕೆಳಗೆ ಬಂಡೆ, ಕೈಯಲ್ಲಿ ಹಾರೆ. ಏಳು ತಿಂಗಳು. ಕೈ ಬಿಚ್ಚೋಕಾಗ್ದೆ ಊಟಕ್ಕೂ ಹಾರೆ ಹಿಡಿದ ಹಾಗೇ ಕೂರ್ತಿದ್ದ, ನಾನು ಬಾಯಿಗೆ ಇಡ್ತಿದ್ದೆ. ಕಾಲುವೆ ಮುಗಿದ ದಿನ, ಒಳಗಿನ ಕೆಲಸಕ್ಕೆ ಹೆಸರು ಬರೆಸ್ತೀನಿ ಅಂತ ಹೋದ.

"ವಿಳಾಸ?" ಅಂದ್ನಂತೆ ಗುಮಾಸ್ತ.

"ದಡ."

"ದಡ ವಿಳಾಸ ಅಲ್ಲಪ್ಪ."

"ನಿಮ್ಮ ಕೊಳವೆಗೆ ದಡ ಆಗುತ್ತೆ, ನನಗೆ ಆಗಲ್ವಾ ಸಾರ್?"

ಬಾಗಿಲು ತೋರಿಸಿದ್ರು. ಲಾಕಿ ಜನ್ಮದಲ್ಲಿ ಆಡಿದ ಒಂದೇ ಒಂದು ಜಾಣ ಮಾತು ಅದು. ನಾನೇ ಹೇಳಿಕೊಟ್ಟಿದ್ದೆ ಅಂತ ಹೇಳ್ಕೊಳ್ತೀನಿ, ಅವನೀಗ ಇಲ್ವಲ್ಲ.

ಈಗ ಮಕ್ಕಳ ವಿಷಯ ಹೇಳ್ಬೇಕು. ನನಗೆ ಇಬ್ಬರು. ಡೊಲೀನಾಗೆ ಎಂಟು, ಕ್ರಿಸಿಗೆ ಐದು. ಆ ಕಾಲದಲ್ಲಿ ಊರೂರಿಗೆ ಒಂದು ಮಕ್ಕಳ ರಕ್ಷಣೆ ಆಫೀಸು ಅಂತಿತ್ತು. ಬೋರ್ಡಲ್ಲಿ ರಕ್ಷಣೆ. ನಮ್ಮ ಬಾಯಲ್ಲಿ ಮಕ್ಕಳು ಹಿಡಿಯೋರು. ಡೇರೇಲಿ ಹುಟ್ಟಿದ ಮಗು, ಸರಿಯಾಗಿ ಊಟ ಇಲ್ಲ, ಸ್ಕೂಲಿಗೆ ದಿನ ಸಾಲದು ಅಂತ ಬರ್ಕೊಂಡ್ರೆ ಮುಗೀತು. ಎತ್ಕೊಂಡು ಹೋಗಿ ಅನಾಥಾಶ್ರಮಕ್ಕೆ ಹಾಕ್ತಿದ್ರು, ಅಲ್ಲಿಂದ ಎಲ್ಲಿಗೋ. ಕೆಲವನ್ನ ಹಡಗು ಹತ್ತಿಸಿ ಪರದೇಶಕ್ಕೆ ಕಳಿಸಿದ್ರು. ನನ್ನ ನಾದಿನಿ ಜೆಸಿಯ ಎರಡು ಮಕ್ಕಳು ಹಾಗೇ ಹೋದವು. ಜೆಸಿ ಇಳಿತದಲ್ಲಿ ಹುಳ ಆಯೋಕೆ ಹೋಗಿದ್ಲು. ವಾಪಸ್ ಬರೋದ್ರೊಳಗೆ ಡೇರೆ ಖಾಲಿ. ಬಂದವಳು ಆ ಆಫೀಸಿನ ಮಿಸ್ ಅಬರ್ನೆತಿ ಅನ್ನೋ ಹೆಂಗಸು. ಪಾತ್ರೆ ಮುಚ್ಚಳ ತೆಗೆದು ನೋಡಿ, 'ಮಕ್ಕಳಿಗೆ ತಿನ್ನೋಕೆ ದಡದ ಹುಳ ಬಿಟ್ರೆ ಬೇರೇನೂ ಇಲ್ಲ' ಅಂತ ಬರ್ಕೊಂಡ್ಲಂತೆ. ಜೆಸಿ ಆಮೇಲೆ ಮಾತು ಬಿಟ್ಲು. ಒಂದು ದಿನ ಎರಡು ದಿನ ಅಲ್ಲ, ಸಾಯೋವರೆಗೆ.

ಅದಾದ ಮುಂದಿನ ಚಳಿಗಾಲ. ಕೊಳವೆ ಹಾಕಿದ್ರು, ಇನ್ನೂ ನೀರು ಬಿಟ್ಟಿರ್ಲಿಲ್ಲ. ಮಧ್ಯಾಹ್ನ, ಒಲೆ ಮೇಲೆ ಪಾತ್ರೆ ಕುದೀತಾ ಇತ್ತು. ಹೊರಗೆ ಯಾರೋ ಕೆಮ್ಮಿದ್ರು. ಬೂಟು ಮಿರಮಿರ ಅಂತಿತ್ತು, ಕೈಯಲ್ಲಿ ಕಾಗದ. ಕಾಗದ ನೋಡಿದ್ದೇ ನನಗೆ ಜೆಸಿ ಮುಖ ಕಣ್ಮುಂದೆ ಬಂತು. ಏನು ಮಾಡಿದೆ ಹೇಳು? ಪಾತ್ರೆ ಇಳಿಸಿ ನೆಲಕ್ಕಿಟ್ಟೆ, ಲಂಗ ಹರಡಿ ಅದರ ಮೇಲೇ ಕೂತೆ.

"ನಮಸ್ಕಾರ ತಾಯಿ. ನನ್ನ ಹೆಸರು ಪೆಟಿಫರ್. ಸರ್ಕಾರದ ಕಡೆಯಿಂದ ಬಂದಿದೀನಿ. ಊಟದ ಬಗ್ಗೆ ಒಂದೆರಡು ಪ್ರಶ್ನೆ."

ಊಟದ ಬಗ್ಗೆ! ಅಬರ್ನೆತಿ ಕಳಿಸಿದೋನೇ ಅಂದ್ಕೊಂಡೆ.

"ಕೇಳಿ ಸಾರ್. ಒಳಗೆ ಬನ್ನಿ, ತಲೆ ಬಗ್ಸಿ. ನಾನು ಏಳೋಕಾಗಲ್ಲ, ಮಂಡಿ ನೋವು."

"ಈ ದಡದ ಶಂಖದಹುಳ ವಾರಕ್ಕೆ ಎಷ್ಟು ತಿಂತೀರಿ?"

"ನಾವಾ? ಥೂ! ಆಯ್ದು ಮಾರ್ತೀವಿ ಅಷ್ಟೆ. ಅದನ್ನ ನಾಯಿನೂ ಮೂಸಲ್ಲ."

"ಮಕ್ಕಳು?"

"ಮಕ್ಕಳಿಗೆ ಭಾನುವಾರ ದನದ ಮಾಂಸ, ಸೋಮವಾರ ಕುರಿ, ಮಂಗಳವಾರ ಬಾತುಕೋಳಿ. ಬುಧವಾರ ಹೊಟ್ಟೆ ಕೆಟ್ಟಿರುತ್ತೆ, ಬರೀ ಮೊಟ್ಟೆ. ತಲೆಗೆ ನಾಲ್ಕು. ಬೆಣ್ಣೆ ಅಂತೂ ಕೇಳ್ಬೇಡಿ, ಬೂಟಿಗೆ ಹಚ್ಚೋದೂ ಅದನ್ನೇ."

ಕೆಳಗೆ ಪಾತ್ರೆ ಸುಡ್ತಾ ಇತ್ತು. ಹಬೆ ಮೇಲೇರ್ತಾ ಇತ್ತು. ಪಾತ್ರೆಯ ಅಂಚು ತೊಡೆಗೆ ಕಚ್ಕೊಂಡಿತ್ತು. ಕ್ರಿಸಿ ಬಾಯಿ ತೆಗೆದ್ಲು. ಡೊಲೀನಾ ಚಿವುಟಿದ್ಲು.

"ಏನೋ ವಾಸನೆ ಬರ್ತಾ ಇದೆಯಲ್ಲ?" ಅಂದ ಪೆಟಿಫರ್.

"ನನ್ನ ಗಂಡನ ಕಾಲುಚೀಲ ಸಾರ್. ಕ್ಷಮಿಸ್ಬೇಕು."

ಪಾಪ, ಆಫೀಸರಿಗೆ ನಗು ಬಂತು. ಒಳ್ಳೆ ಮನುಷ್ಯ, ಕೆಟ್ಟೋನಲ್ಲ. ಕಾಗದದ ಮೇಲೆ ಅವನ ಕೈ ಒಂದು ಸುತ್ತು ತಿರುಗಿತು. ಸೊನ್ನೆ. ಬೇರೆ ಡೇರೆಗೂ ಹೋದ. ಹದಿನಾಲ್ಕು ಡೇರೇಲೂ ಅವತ್ತು ದನದ ಮಾಂಸವೇ. ಒಬ್ಬ ಮುದುಕ ಜಿಂಕೆ ಅಂದನಂತೆ, ಆಮೇಲೆ ಬೇಟೆ ಕೇಸಾಗುತ್ತೆ ಅಂತ ಹೆದರಿ ಮೊಲ ಅಂತ ತಿದ್ದಿದ. ಸರ್ಕಾರದೋರು ಬಂದ್ರೆ ಇರೋದನ್ನ ಹೇಳಬಾರ್ದು ಅಂತ ನಮಗೆ ತಾಯಿ ಹಾಲಲ್ಲೇ ಬಂದಿದೆ. ಅವನು ಹೋದ ಮೇಲೆ ಎದ್ದೆ. ಚರ್ಮ ಪಾತ್ರೆ ಜೊತೆಗೇ ಬಂತು.

ಗೆದ್ದೆ ಅಂದ್ಕೊಂಡೆ ಕಣೇ. ಅವತ್ತು ಸಂಜೆ ಲಾಕಿ ಮುಂದೆ ಪೆಟಿಫರ್ ಥರ ನಡೆದು ತೋರಿಸ್ದೆ, ತೊಡೆ ಉರೀತಾ ಇದ್ರೂ.

ಮೂರು ವರ್ಷ ಆಯ್ತು. ಕಾರ್ಖಾನೆ ಶುರುವಾಗಿತ್ತು, ಕೊಳವೆಯಿಂದ ನೀರು ಹೋಗ್ತಾ ಇತ್ತು. ಒಂದು ದಿನ ಇಳಿತದಲ್ಲಿ ನನ್ನ ಪಕ್ಕದಲ್ಲೇ ಒಬ್ಬ ಬಗ್ಗಿ ಶಂಖದಹುಳ ಆಯ್ತಾ ಇದಾನೆ. ನೋಡಿದ್ರೆ ಪೆಟಿಫರ್.

"ಏನ್ ಸಾರ್, ಕೆಲಸದಿಂದ ತೆಗೆದ್ರಾ? ಹಂಗಲ್ಲ, ಬಂಡೆ ಅಡೀಲಿ ಕೈ ಹಾಕ್ಬೇಕು. ಬೆನ್ನು ಇನ್ನೂ ಬಗ್ಗಲಿ. ಕಚ್ಚಲ್ಲ ಅವು."

ಅವನ ಹತ್ರ ಒಂದು ಪೆಟ್ಟಿಗೆ ಇತ್ತು. ಹುಳದ ಬಕೆಟ್ ಹತ್ರ ಹಿಡಿದ್ರೆ ಟಿಕ್ ಟಿಕ್ ಅಂತಿತ್ತು. ಒಲೇಲಿ ಉಪ್ಪು ಹಾಕಿದ ಹಾಗೆ.

"ಏನದು?"

"ಕಾರ್ಖಾನೆ ನೀರಲ್ಲಿ ಬಂದದ್ದು ಇವುಗಳ ಒಳಗೆ ಎಷ್ಟು ಸೇರಿದೆ ಅಂತ ನೋಡ್ತೀವಿ. ಸ್ವಲ್ಪ ಸೇರುತ್ತೆ. ಪರವಾಗಿಲ್ಲ, ಕೊಳ್ಳೋರು ಹಬ್ಬಕ್ಕೆ ಆರು ತಿಂತಾರೆ ಅಷ್ಟೆ, ಇಲ್ಲಿ ಯಾರೂ ತಿನ್ನಲ್ವಲ್ಲ."

"ತಿಂದಿದ್ರೆ?"

ಅವನಿಗೆ ಹೇಳೋಕೆ ಖುಷಿ. ಸ್ಕೂಲು ಮಾಸ್ತರ ಥರ ಬೆರಳೆತ್ತಿ ಹೇಳ್ದ. "ಅದೇ ನಮ್ಮ ನಿಯಮ ತಾಯಿ. ಒಂದು ದಡದಲ್ಲಿ ಎಲ್ಲರಿಗಿಂತ ಹೆಚ್ಚು ತಿನ್ನೋರು ಯಾರು ಅಂತ ಹುಡುಕ್ತೀವಿ. ಅವರಿಗೆ ಕೆಡುಕಾಗದಷ್ಟೇ ಕಡಲಿಗೆ ಬಿಡ್ತೀವಿ. ಇಲ್ಲಿ ಹುಡುಕಿದೆ, ಸೊನ್ನೆ ಬಂತು. ಅದಕ್ಕೇ ಜಾಸ್ತಿ ಬಿಡೋಕೆ ಒಪ್ಪಿಗೆ ಸಿಕ್ತು. ಈಗ ಅದನ್ನೂ ಎರಡರಷ್ಟು ಮಾಡ್ತಾರೆ. ಶನಿವಾರ ಊರ ಸಭೆ ಇದೆ."

ನಾನು ನಿಂತೇ ಇದ್ದೆ. ಕಡಲು ಮೊಣಕಾಲಿಗೆ ಬಂತು, ಗೊತ್ತಾಗ್ಲಿಲ್ಲ. ಮೂರು ವರ್ಷ. ದಿನಕ್ಕೆ ಮೂರು ಹೊತ್ತು. ಡೊಲೀನಾ ಒಂದು ಬೋಗುಣಿ, ಕ್ರಿಸಿ ಅರ್ಧ ಬೋಗುಣಿ. ನಾನೇ ಬೇಯಿಸಿದ್ದು. ನಾನೇ ಚುಚ್ಚಿ ಎಳೆದು ಬಾಯಿಗಿಟ್ಟದ್ದು.

ಡೇರೆಗೆ ಬಂದು ಲಾಕಿಗೆ ಹೇಳ್ದೆ. ಸಭೆಗೆ ಹೋಗಿ ನಿಜ ಹೇಳ್ತೀನಿ ಅಂದೆ.

"ನಿನ್ನ ತಲೆ ಕೆಟ್ಟಿದೆ," ಅಂದ. "ಮಕ್ಕಳಿಗೆ ಹುಳ ಬಿಟ್ರೆ ಬೇರೆ ಊಟ ಇಲ್ಲ ಅಂತ ಊರ ಮುಂದೆ ಹೇಳ್ತೀಯಾ? ಅಬರ್ನೆತಿ ಅಲ್ಲೇ ಇರ್ತಾಳೆ. ಹೇಳಿದ್ರೆ ಮಕ್ಕಳು ಹೋದವು."

"ಹೇಳದಿದ್ರೂ ಹೋಗ್ತವೆ ಲಾಕಿ. ನಿಧಾನವಾಗಿ."

"ಹಾಗಾದ್ರೆ ಕುದುರೆ ಕಟ್ಟು. ಬೇರೆ ದಡಕ್ಕೆ ಹೋಗಾಣ."

"ಯಾವ ದಡ? ಎಲ್ಲಿ ಡೇರೆ ಹಾಕೋಕೆ ಬಿಡ್ತಾರೆ? ಸ್ಕೂಲಿಗೆ ದಿನ ತುಂಬದಿದ್ರೆ ಅದಕ್ಕೂ ಹಿಡೀತಾರೆ. ಹೋದ್ವಿ ಅಂತ್ಲೇ ಇಟ್ಕೋ. ನಾಳೆ ಈ ದಡಕ್ಕೆ ಬೇರೆ ನಮ್ಮೋರು ಬಂದು ತಿಂತಾರೆ. ಸೊನ್ನೆ ಅಲ್ಲೇ ಇರುತ್ತೆ."

ಅವನು ತಗಡು ಬಡೀತಾ ಕೂತ. ಅರ್ಧ ಆಗಿದ್ದ ಪಾತ್ರೇನ ಬಡ್ದೂ ಬಡ್ದೂ ತೂತು ಮಾಡ್ದ.

ಮೂರು ದಿನ ಮಕ್ಕಳಿಗೆ ಹುಳ ಕೊಡ್ಲಿಲ್ಲ. ಓಟ್ಸ್ ಗಂಜಿ ಎರಡು ದಿನ ಬಂತು. ಮೂರನೇ ದಿನ ಕ್ರಿಸಿ ಟಾರ್ಪಾಲಿನ ಹಗ್ಗ ಜಗೀತಾ ಇದ್ಲು. ಅಂಗಡಿಯಮ್ಮ ಸ್ವಾನ್ಸನ್ ಹತ್ರ ಹೋದೆ. "ನಿಮ್ಮೋರಿಗೆ ಒಳಗೆ ಬರ್ಬೇಡಿ ಅಂದಿದ್ದೀನಲ್ಲ," ಅಂದ್ಲು. "ಕಿಟಕೀಲಿ ನಿಂತ್ಕೋ." ನಿಂತೆ. ಹಿಂದೆ ಬಂದೋರೆಲ್ಲ ಸಾಮಾನು ತಗೊಂಡು ಹೋದ್ರು. ಮಳೇಲಿ ನಿಂತೇ ಇದ್ದೆ. ಕಿಟಕಿ ತೆಗೀಲೇ ಇಲ್ಲ. ನಾಲ್ಕನೇ ದಿನ ಮತ್ತೆ ಬಂಡೆಗೆ ಹೋದೆ. ಆಯ್ದೆ. ಬೇಯಿಸಿದೆ. ಗೊತ್ತಿದ್ದೂ ಕೊಟ್ಟೆ. ಅದನ್ನ ನುಂಗೋದು ಹೇಗೆ ಅಂತ ನನ್ನ ಕೇಳ್ಬೇಡ.

ಶನಿವಾರ ಮಧ್ಯಾಹ್ನ ಊರ ಸಭಾಂಗಣ. ಬಾಗಿಲಲ್ಲಿ ಒಬ್ಬ ತಡೆದ. "ಮಾರೋಕೆ ಬಂದಿದ್ರೆ ಹಿಂದಿನ ಬಾಗಿಲು," ಅಂದ. "ಇವತ್ತು ಪುಕ್ಕಟೆ ಕೊಡ್ತೀನಿ," ಅಂದು ಒಳಗೆ ಹೋದೆ. ಗೋಡೆಗೆ ಒರಗಿ ನಿಂತೆ. ಕುರ್ಚಿ ಖಾಲಿ ಇದ್ವು, ಯಾರೂ ಕೂತ್ಕೋ ಅನ್ಲಿಲ್ಲ. ಮೂರನೇ ಸಾಲಲ್ಲಿ ಬೂದು ಟೋಪಿ. ಮಿಸ್ ಅಬರ್ನೆತಿ.

ವೇದಿಕೆ ಮೇಲೆ ದೊಡ್ಡ ಆಫೀಸರು ಒಂದು ಗಂಟೆ ಮಾತಾಡ್ದ. ದೇಶ ಅಂದ, ಮುಂದಿನ ಕಾಲ ಅಂದ, ಕಲ್ಲಿದ್ದಲು ಮುಗೀತು ಅಂದ. ಕೊನೆಗೆ, "ಈ ದಡದಲ್ಲಿ ತಿನ್ನೋರು ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡಿದೀವಿ. ಯಾರಿಗಾದ್ರೂ ಪ್ರಶ್ನೆ ಇದೆಯಾ?" ಅಂದ.

"ನಾವು ತಿಂತೀವಿ," ಅಂದೆ.

ಎಲ್ಲ ತಿರುಗಿದ್ರು.

"ನಿಮ್ಮದೇ ಹೇಳಿಕೆ ಇದೆಯಲ್ಲ ಇಲ್ಲಿ?" ಅಂದ ಆಫೀಸರು, ಕಾಗದ ಮಗುಚಿ. "ದಡದ ಡೇರೆಗಳು. ಹದಿನಾಲ್ಕು. ಶಂಖದಹುಳ, ಸೊನ್ನೆ."

"ಸುಳ್ಳು ಹೇಳಿದ್ವಿ."

ನಗು ಎದ್ದಿತು. "ಟಿಂಕ್ ಒಬ್ಬಳು ನಿಜ ಹೇಳೋಕೆ ಬಂದವ್ಳೆ, ಬಾಗಿಲು ಹಾಕ್ರಪ್ಪೋ!" ಅಂದ ಯಾರೋ. ಸ್ವಾನ್ಸನ್ ಅಂತೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು.

"ಯಾಕೆ ಸುಳ್ಳು ಹೇಳಿದ್ರಿ? ಈಗ ಹೇಳ್ತಾ ಇರೋದು ನಿಜ ಅಂತ ಹೇಗೆ ನಂಬೋದು?"

ಆ ಬೂದು ಟೋಪಿ ನೋಡಿದೆ. ಆಮೇಲೆ ಲಂಗ ಎತ್ತಿದೆ. ಹೌದು, ಊರ ಎದುರಿಗೇ, ಪಾದ್ರಿ ಎದುರಿಗೇ. ತೊಡೆ ತೋರಿಸಿದೆ. ಪಾತ್ರೆಯ ಬಾಯಿ ಅಚ್ಚೊತ್ತಿದ ಹಾಗೆ ಅರ್ಧ ಸುತ್ತು ಸುಟ್ಟ ಗಾಯ.

"ನೋಡ್ರಿ. ಪಾದ್ರಿಗಳೇ, ನೀವೂ ನೋಡಿ. ಈ ಪೆಟಿಫರ್ ಸಾಹೇಬ್ರು ಬಂದಾಗ ಹುಳದ ಪಾತ್ರೆ ಮೇಲೆ ಕೂತಿದ್ದೆ. ಯಾಕೆ ಅಂದ್ರೆ ಅಗೋ, ಅಲ್ಲಿ ಕೂತಿದಾರಲ್ಲ ಟೋಪಿಯವರು, ಅವರು ಜೆಸಿಯ ಪಾತ್ರೇಲಿ ಹುಳ ನೋಡಿ ಮಕ್ಕಳನ್ನ ಎತ್ಕೊಂಡು ಹೋದ್ರು. ತಿಂದ್ರೆ ಒಂದು ಸರ್ಕಾರ ಮಕ್ಕಳನ್ನ ಕಿತ್ಕೊಳ್ಳುತ್ತೆ. ತಿನ್ನಲ್ಲ ಅಂದ್ರೆ ಇನ್ನೊಂದು ಸರ್ಕಾರ ವಿಷ ಬಿಡುತ್ತೆ. ನಾವು ಯಾವ ಬಾಯಲ್ಲಿ ಉತ್ತರ ಕೊಡಾಣ?"

ಈಗ ಸ್ವಾನ್ಸನ್ ತನ್ನ ಕೈಚೀಲದೊಳಗೆ ಏನೋ ಹುಡುಕ್ತಾ ಇದ್ಲು.

"ಬರ್ಕೊಳ್ಳಿ," ಅಂದೆ. "ಎಫಿ, ಅಂದ್ರೆ ನಾನು, ದಿನಾ ಎರಡು ಬೋಗುಣಿ. ಲಾಕಿ, ಎರಡು. ಡೊಲೀನಾ, ಹನ್ನೆರಡು ವರ್ಷ, ಒಂದು ಬೋಗುಣಿ. ಕ್ರಿಸಿ, ಒಂಬತ್ತು ವರ್ಷ, ಅರ್ಧ." ಜನ್ಮದಲ್ಲಿ ಅವತ್ತೊಂದು ದಿನ ನಾನು ಒಂದು ಹುಳ ಹೆಚ್ಚಿಗೆ ಸೇರಿಸಿ ಹೇಳ್ಲಿಲ್ಲ.

ಪೆಟಿಫರ್ ಮುಖ ಸುಣ್ಣದ ಗೋಡೆ ಹಾಗೆ ಬೆಳ್ಳಗಾಗಿತ್ತು. ಜೇಬಿಂದ ಪೆನ್ನು ತೆಗೆದ. ಮುಚ್ಚಳ ತೆಗೆದ. ದೊಡ್ಡ ಆಫೀಸರ ಕಡೆ ನೋಡ್ದ. ದೊಡ್ಡ ಆಫೀಸರು ಗಡಿಯಾರ ನೋಡ್ದ. ಮೂರನೇ ಸಾಲಲ್ಲಿ ಮಾತ್ರ ಪೆನ್ನು ಆಗಲೇ ಓಡ್ತಾ ಇತ್ತು. ಅಷ್ಟು ದೂರ ನಿಂತಿದ್ರೂ ಕಾಗದದ ಮೇಲೆ ಅದು ಕೆರೆಯೋ ಸದ್ದು ನನಗೆ ಕೇಳಿಸ್ತು.

"ಇದನ್ನ ಪರಿಶೀಲಿಸ್ತೀವಿ," ಅಂತ ಸಭೆ ಮುಗಿಸಿದ್ರು. ಬಾಗಿಲ ಹತ್ರ ಪೆಟಿಫರ್ ನನ್ನ ತೋಳು ಹಿಡ್ಕೊಂಡ. "ನಾಳೆ ಬೆಳಿಗ್ಗೆ ನಿಮ್ಮ ಡೇರೆಗೆ ಬರ್ತೀನಿ ತಾಯಿ. ತಕ್ಕಡಿ ತರ್ತೀನಿ. ಸರಿಯಾಗಿ ತೂಗಿ ಬರ್ಕೊಂಡ್ರೆ ಅವರು ಒಪ್ಲೇಬೇಕು. ಎಲ್ಲಿಗೂ ಹೋಗ್ಬೇಡಿ," ಅಂದ. ಮಿಸ್ ಅಬರ್ನೆತಿ ತಲೆ ಬಗ್ಸಿ, "ನಮಸ್ಕಾರ" ಅಂದ್ಲು ಅಷ್ಟೆ.

ಡೇರೆಗೆ ಬಂದ್ರೆ ಲಾಕಿ ಕುದುರೆ ಕಟ್ಟಿ ನಿಂತಿದ್ದ. ಸುದ್ದಿ ನನಗಿಂತ ಮುಂಚೆ ಓಡಿಬಂದಿತ್ತು. ಗಾಡಿ ಮೇಲೆ ಸಾಮಾನು, ಮೇಲೆ ಮಕ್ಕಳು.

"ಹತ್ತು," ಅಂದ.

"ಹತ್ತಲ್ಲ."

"ಎಫಿ, ಜೆಸಿ ಆಗ್ತೀಯಾ? ನಿನ್ನ ಕಾಲಿಗೆ ಬೀಳ್ತೀನಿ, ಹತ್ತು."

"ನಾಳೆ ಪೆಟಿಫರ್ ತೂಗೋಕೆ ಬರ್ತಾನೆ. ನಾವಿಲ್ಲ ಅಂದ್ರೆ, ಇಲ್ಲಿ ಯಾರೂ ಇಲ್ಲ ಅಂತ ಬರೀತಾರೆ. ಇಷ್ಟು ದಿನ ನಾವು ಇಲ್ಲದೋರಾಗಿದ್ದು ಸಾಕು. ಇಳಿಸು ಮಕ್ಕಳನ್ನ."

ಅವನು ನನ್ನ ಮುಖ ನೋಡಿದ. ಆಮೇಲೆ ಕುದುರೆಯ ಪಟ್ಟಿ ಬಿಚ್ಚಿದ. ಅದಕ್ಕೇ ಕಣೇ, ಏಣಿ ಹತ್ತಿದ ತಪ್ಪನ್ನ ನಾನು ಅವನಿಗೆ ಕ್ಷಮಿಸಿದೀನಿ. ಆ ವಿಧವೆಗೆ ಇಲ್ಲ.

ಬೆಳಿಗ್ಗೆ ನೀರು ಕಾಯಿಸಿ ಮಕ್ಕಳ ಮುಖ ತೊಳೆದೆ. ತಲೆ ಬಾಚಿದೆ. ಡೊಲೀನಾಗೆ ಎಲ್ಲ ಗೊತ್ತಿತ್ತು, ತುಟಿ ಕಚ್ಕೊಂಡು ಕೂತಿದ್ಲು. ಕ್ರಿಸಿ, "ನೆಂಟರು ಬರ್ತಾರಾ?" ಅಂತ ಕೇಳಿದ್ಲು. ಡೇರೆ ಬಾಗಿಲು ಪೂರ್ತಿ ಎತ್ತಿ ಕಟ್ಟಿದೆ. ಪಾತ್ರೆ ತುಂಬ ಶಂಖದಹುಳ, ಮುಚ್ಚಳ ಇಲ್ಲ, ಎಲ್ಲರಿಗೂ ಕಾಣೋ ಹಾಗೆ ಹೊರಗೆ ಕಲ್ಲಿನ ಮೇಲಿಟ್ಟೆ. ಬೇರೆ ಹದಿಮೂರು ಡೇರೆಯೋರೂ ಅವರವರ ಪಾತ್ರೆ ತಂದು ಪಕ್ಕದಲ್ಲಿಟ್ರು. ಯಾರೂ ಕೇಳಿರ್ಲಿಲ್ಲ. ನಾವು ಮೂರು ಜನ, ಲಾಕಿ ಒಬ್ಬ, ಬಾಗಿಲಲ್ಲಿ ಸಾಲಾಗಿ ಕೂತ್ವಿ.

ಒಂಬತ್ತು ಗಂಟೆ ಸುಮಾರಿಗೆ ಮೇಲಿನ ರಸ್ತೇಲಿ ಕಾರಿನ ಸದ್ದು. ಪೆಟಿಫರದ್ದೊಂದು, ಅಬರ್ನೆತಿದೊಂದು, ಎರಡು ಬರುತ್ತೆ ಅಂದ್ಕೊಂಡಿದ್ದೆ. ಬಂದದ್ದು ಒಂದೇ. ಮಂಜು ದಟ್ಟವಾಗಿತ್ತು, ಒಳಗೆ ಯಾರಿದಾರೆ ಕಾಣ್ಲಿಲ್ಲ. ಕೆಸರಲ್ಲಿ ನಿಂತಿತು. ಎಂಜಿನ್ ಆಫ್ ಮಾಡ್ಲಿಲ್ಲ. ಬಾಗಿಲು ತೆಗೀತು, ಒಂದು ಕಾಲು ಕೆಳಗೆ ಬಂತು. ಕ್ರಿಸಿ ನನ್ನ ಲಂಗ ಹಿಡ್ಕೊಂಡ್ಲು.

ಇಷ್ಟೊತ್ತು ಕೂತು ಕೇಳಿದೀಯಲ್ಲ ಹುಡುಗಿ. ಆ ಸರ್ಕಾರ ಎಂಥದ್ದು ಅಂತ ನಿನಗೂ ಗೊತ್ತಾಯ್ತು. ನೀನೇ ಹೇಳು ನೋಡಾಣ. ಆ ಕಾಲಲ್ಲಿ ಇದ್ದದ್ದು ಗಂಡಸಿನ ಬೂಟೋ, ಹೆಂಗಸಿನದ್ದೋ?